ಹಿಂಬರಹ ಓದುವವರು ಯಾರು? ಮಲೆನಾಡಿನ ಜಮೀನು ಮತ್ತು ಕಾನೂನು ಸಂಶೋಧನೆಯ ಜಗಳಗಳು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹಳ್ಳಿಗಳಲ್ಲಿ ಜಮೀನಿನ ವಿಷಯ ಎತ್ತಿದರೆ ಮಾತಿಗಿಂತ ಮೊದಲು ಒಂದು ಪ್ಲಾಸ್ಟಿಕ್ ಕವರ್ ಹೊರಗೆ ಬರುತ್ತದೆ. ಮಳೆಗಾಲದ ಥಂಡಿಗೆ ಕಾಗದ ಮೆತ್ತಗಾಗಬಾರದು, ವರಲೆ ಹಿಡಿಯಬಾರದು ಅಂತ ಸುತ್ತಿ ಸುತ್ತಿ ಇಟ್ಟಿರುತ್ತಾರೆ. ಒಳಗೆ ಹಳೇ ರೇಷನ್ ಕಾರ್ಡಿನ ಜೆರಾಕ್ಸ್, ಒತ್ತುವರಿ ಜಮೀನು ಸಕ್ರಮ ಮಾಡಿಕೊಡಿ ಅಂತ (ಬಗರ್‌ಹುಕುಂ) ಫಾರಂ 50 ಇಲ್ಲವೇ 53 ಕೊಟ್ಟಿದ್ದಕ್ಕೆ ಸ್ವೀಕೃತಿ ಚೀಟಿ, ಮಡಿಕೆಯಲ್ಲಿ ಹರಿದುಹೋದ ಪಹಣಿ, ಅರಣ್ಯ ಹಕ್ಕಿನ ಅರ್ಜಿ, ಆ ಅರ್ಜಿ ತಿರಸ್ಕಾರವಾಯಿತು ಅಂತ ತಿಳಿಸುವ ಚಿಕ್ಕದೊಂದು ಹಿಂಬರಹ. ಇಷ್ಟರ ನಡುವೆ ಎಲ್ಲಕ್ಕಿಂತ ಜತನವಾಗಿ ಇರುವುದು ಎಷ್ಟೋ ಸಲ ಒಂದು ದಂಡದ ರಶೀದಿ. ಸರ್ಕಾರಿ ಜಾಗ ಒತ್ತುವರಿ ಮಾಡಿದ್ದಕ್ಕೆ ಅಪ್ಪನೋ ಅಜ್ಜನೋ ಕಟ್ಟಿದ ದಂಡ.

ತಪ್ಪಿಗೆ ಬಿದ್ದ ದಂಡವನ್ನು ಇಷ್ಟು ಜೋಪಾನ ಮಾಡುವುದು ಯಾಕೆ? ಲೆಕ್ಕ ಸರಳ. ಇಂಥ ವರ್ಷ ದಂಡ ಹಾಕಿದ್ದಾರೆ ಅಂದರೆ, ಆ ವರ್ಷ ನಾವು ಇಲ್ಲೇ ಉಳುತ್ತಿದ್ದೆವು ಅಂತ ಸರ್ಕಾರವೇ ಬರೆದುಕೊಟ್ಟ ಹಾಗಾಯಿತು. ಅಂದು ಅಪರಾಧಕ್ಕೆ ಪುರಾವೆಯಾಗಿದ್ದ ಚೀಟಿ ಇಂದು ಹಕ್ಕಿಗೆ ಪುರಾವೆ.

ಯಾವ ಕಾಯ್ದೆಯನ್ನು ಮೊದಲಿಂದ ಕೊನೆವರೆಗೆ ಓದಿದರೂ ಈ ರಶೀದಿಯ ಬೆಲೆ ಗೊತ್ತಾಗುವುದಿಲ್ಲ. ಒಂದು ಕಲಂ ಒತ್ತುವರಿಯನ್ನು ಅಪರಾಧ ಅನ್ನುತ್ತದೆ, ಇನ್ನೊಂದು ಕಲಂ ಇಷ್ಟು ವರ್ಷ ಒತ್ತುವರಿ ಮಾಡಿದವರಿಗೆ ಸಕ್ರಮ ಅನ್ನುತ್ತದೆ. ಈ ಎರಡರ ನಡುವೆ ಜನ ಹೇಗೆ ಬದುಕುತ್ತಾರೆ, ಕಚೇರಿಗಳು ಹೇಗೆ ನಡೆದುಕೊಳ್ಳುತ್ತವೆ ಅಂತ ನೋಡುವ ವಿದ್ಯೆಗೆ ಸೋಶಿಯೋ-ಲೀಗಲ್ ಸ್ಟಡೀಸ್, ಅಂದರೆ ಸಮಾಜ-ಕಾನೂನು ಅಧ್ಯಯನ ಅಂತ ಹೆಸರು. 1910ರಲ್ಲಿ ಅಮೆರಿಕದ ರಾಸ್ಕೊ ಪೌಂಡ್ ಪುಸ್ತಕದ ಕಾನೂನು ಬೇರೆ, ನಡೆಯುವ ಕಾನೂನು ಬೇರೆ ಅಂತ ವಾದಿಸಿದರು. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಆಸ್ಟ್ರಿಯಾ ಸಾಮ್ರಾಜ್ಯದ ಮೂಲೆಯ ಚೆರ್ನಿವ್‌ಟ್ಸಿ ಊರಿನಲ್ಲಿ (ಈಗ ಅದು ಉಕ್ರೇನಿನಲ್ಲಿದೆ) ಯೂಜೆನ್ ಎರ್ಲಿಚ್ ಎಂಬ ಪ್ರೊಫೆಸರ್ ವಿದ್ಯಾರ್ಥಿಗಳಿಗೆ ಸುತ್ತಲಿನ ಜನರ ನಡಾವಳಿಯನ್ನು ಗಮನಿಸುವುದನ್ನು ಕಲಿಸುತ್ತಿದ್ದರು. ಸಾಮ್ರಾಜ್ಯಕ್ಕೆಲ್ಲ ಒಂದೇ ಸಿವಿಲ್ ಸಂಹಿತೆ ಇತ್ತು. ಮದುವೆ, ಪಾಲು, ಬೇಸಾಯದ ವ್ಯವಹಾರವನ್ನು ಮಾತ್ರ ಒಂದೊಂದು ಸಮುದಾಯ ತನ್ನದೇ ರೀತಿಯಲ್ಲಿ ಮಾಡುತ್ತಿತ್ತು. ಇದೇ ಜೀವಂತ ಕಾನೂನು ಅಂತ ಅವರು 1913ರಲ್ಲಿ ಬರೆದರು.

ನೂರು ವರ್ಷದ ಮೇಲಾಯಿತು. ಈಗ ಈ ವಿದ್ಯೆಯೊಳಗೆ ಜೋರು ಜಗಳಗಳಿವೆ. ಕೇಸುಗಳನ್ನು ಎಣಿಸಬೇಕೋ, ಜನರ ಮಾತು ಕೇಳಬೇಕೋ? ಊರಿನ ಕಟ್ಟಳೆಯನ್ನೂ ಕಾನೂನು ಅನ್ನಬಹುದೋ? ಸಂಶೋಧಕರ ನೋಟ್‌ಬುಕ್ ಯಾರ ಸ್ವತ್ತು? ಸುಮ್ನೆ ಸೆಮಿನಾರ್ ಹಾಲಿನ ಮಾತು ಅನ್ನಿಸಬಹುದು. ಶಿವಮೊಗ್ಗ ಜಿಲ್ಲೆಯಲ್ಲಿ ಇದೇ ಪ್ರಶ್ನೆಗಳು ಎಸಿ (ಉಪವಿಭಾಗಾಧಿಕಾರಿ) ಕಚೇರಿಯ ಮೇಜಿನ ಮೇಲೆ ಕಡತವಾಗಿ ಕೂತಿವೆ. ಯಾವುದನ್ನು ಸಾಕ್ಷಿ ಅಂತ ಒಪ್ಪುತ್ತಾರೆ ಅನ್ನುವುದರ ಮೇಲೆ ಇಲ್ಲಿ ಮನೆ, ತೋಟ ಉಳಿಯುತ್ತವೆ ಇಲ್ಲವೇ ಹೋಗುತ್ತವೆ.

ಸಂಶೋಧನೆ ಮಾಡಿ ಅಂತ ಕಾನೂನೇ ಹೇಳಿದಾಗ

ಕಾಡಿನಲ್ಲಿ ವಾಸವಿದ್ದು ಅದನ್ನು ನಂಬಿ ಬದುಕಿದವರಿಗೆ ಹಕ್ಕು ಕೊಡುವ ಅರಣ್ಯ ಹಕ್ಕು ಕಾಯ್ದೆ 2006ರದ್ದು. ಅದರ ನಿಯಮಗಳಲ್ಲಿ 13ನೆಯದನ್ನು ಕೂತು ಓದಬೇಕು. ಸಾಕ್ಷಿ ಅಂತ ಏನೇನು ಕೊಡಬಹುದು ಅನ್ನುವ ಪಟ್ಟಿ ಅದು. ಗೆಜೆಟಿಯರ್, ಜನಗಣತಿ, ಸರ್ವೆ ವರದಿ, ಅರಣ್ಯ ಇಲಾಖೆಯ ವರ್ಕಿಂಗ್ ಪ್ಲಾನ್, ವೋಟರ್ ಐಡಿ, ರೇಷನ್ ಕಾರ್ಡ್ ಇವೆಲ್ಲ ಇವೆ. ಸರಿ, ಇವು ನಿರೀಕ್ಷಿಸಿದ್ದೇ. ಮುಂದೆ ನೋಡಿ. ಮನೆ, ಕಟ್ಟಿದ ಬದು, ಸಮ ಮಾಡಿದ ನೆಲ, ಹಳೇ ಬಾವಿ, ಸ್ಮಶಾನ, ದೇವರ ಬನದಂಥ ಪವಿತ್ರ ಜಾಗ, ವಂಶಾವಳಿ, ಹಳೇ ಸಂಸ್ಥಾನದ ದಾಖಲೆ. ಅರ್ಜಿದಾರರಲ್ಲದ ಹಿರಿಯರು ಹೇಳಿ ಬರೆಸಿದ ಹೇಳಿಕೆಯೂ ಸಾಕ್ಷಿ. ಹೆಸರುವಾಸಿ ಸಂಸ್ಥೆಗಳು ಊರಿನ ರೂಢಿ, ಸಂಪ್ರದಾಯಗಳ ಬಗ್ಗೆ ಮಾಡಿದ ಸಂಶೋಧನೆಯೂ ಸಾಕ್ಷಿ.

ಕೊನೆಯ ಮಾತನ್ನು ಇನ್ನೊಮ್ಮೆ ಓದಿ. ಒಬ್ಬ ಸಂಶೋಧಕಿ ವಿಶ್ವವಿದ್ಯಾಲಯದ ಕಡೆಯಿಂದ ಒಂದು ಹಳ್ಳಿಗೆ ಹೋಗಿ ಬರೆದ ವರದಿ ನಾಳೆ ಆ ಹಳ್ಳಿಯವರ ಕಡತದೊಳಗೆ ಸೇರಬಹುದು. ಆಗ ಆ ಸಂಶೋಧಕಿ ಪಕ್ಕದಲ್ಲಿ ನಿಂತು ನೋಡುವವರಾಗಿ ಉಳಿಯಲಿಲ್ಲ. ಸಂಶೋಧಕರು ತಟಸ್ಥವಾಗಿ ಇರಲು ಆಗುತ್ತದೆಯೇ ಅಂತ ಪಶ್ಚಿಮದ ಪತ್ರಿಕೆಗಳಲ್ಲಿ ಪುಟಗಟ್ಟಲೆ ಚರ್ಚೆ ಇದೆ. ಇಲ್ಲಿ ಆ ಪ್ರಶ್ನೆಗೆ ಒಂದು ನಿಯಮವೇ ಉತ್ತರ ಹೇಳಿಬಿಟ್ಟಿದೆ.

ಕಾಗದದ ಮೇಲೆ ಈ ನಿಯಮ ಬಹಳ ಉದಾರ. 2012ರ ತಿದ್ದುಪಡಿಯಲ್ಲಿ ಉಪಗ್ರಹ ಚಿತ್ರ ಬೇರೆ ಸಾಕ್ಷಿಗಳಿಗೆ ಪೂರಕವಾಗಬಹುದೇ ಹೊರತು ಅವುಗಳ ಜಾಗದಲ್ಲಿ ಕೂರುವಂತಿಲ್ಲ ಅಂತಲೂ ಸೇರಿಸಿದರು. ಆದರೂ ಕೇಂದ್ರದ ಬುಡಕಟ್ಟು ಸಚಿವಾಲಯದ ಲೆಕ್ಕದಲ್ಲಿ ಕರ್ನಾಟಕದಿಂದ ಬಂದ ಸುಮಾರು 2.9 ಲಕ್ಷ ಅರ್ಜಿಗಳಿಗೆ ಹಕ್ಕುಪತ್ರ ಸಿಕ್ಕಿದ್ದು 16 ಸಾವಿರದ ಆಸುಪಾಸು. ಉಳಿದವುಗಳಲ್ಲಿ ಬಹುಪಾಲು ತಿರಸ್ಕೃತ. ಅಜ್ಜಿಯ ಹೇಳಿಕೆ ಸಾಕ್ಷಿ ಅಂತ ನಿಯಮ ಹೇಳುತ್ತದೆ. ಮೇಜಿನಾಚೆ ಕೂತವರು 'ದಾಖಲೆ ಏನಿದೆ?' ಅಂತ ಕೇಳುತ್ತಾರೆ. ಪೌಂಡ್ 1910ರಲ್ಲಿ ಹೇಳಿದ ಅಂತರ ಇದೇ ಅಲ್ವಾ?

ಎಪ್ಪತ್ತೈದು ವರ್ಷ, ನೀರೊಳಗಿನ ಊರು

ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕು ಕೇಳಲು ಪರಿಶಿಷ್ಟ ಪಂಗಡಕ್ಕೆ ಸೇರಿದವರು, ನಮ್ಮ ಕಡೆ ಹಸಲರು ಇದ್ದಾರಲ್ಲ ಅಂಥವರು, 2005ರ ಡಿಸೆಂಬರ್ 13ಕ್ಕೆ ಮೊದಲಿಂದ ಅಲ್ಲಿದ್ದೇವೆ ಅಂತ ತೋರಿಸಬೇಕು. ಉಳಿದವರು, ಅಂದರೆ ದೀವರು, ಒಕ್ಕಲಿಗರು, ದಲಿತರು ಯಾರೇ ಇರಲಿ, ಅದೇ ದಿನಾಂಕಕ್ಕೆ ಹಿಂದಿನ ಮೂರು ತಲೆಮಾರು ತೋರಿಸಬೇಕು. ತಲೆಮಾರಿಗೆ 25 ವರ್ಷದಂತೆ 75 ವರ್ಷ. ಅಂದರೆ 1930.

ಈಗ ಶರಾವತಿ ಮುಳುಗಡೆಯವರನ್ನು ಇಲ್ಲಿಟ್ಟು ನೋಡಿ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕೆ ಮುಂಚಿನ ವರ್ಷಗಳಲ್ಲಿ ಕಣಿವೆಯ ಜನರನ್ನು ಎಬ್ಬಿಸಿ ಕಾಡಿನ ಜಾಗಗಳಿಗೆ ಕಳಿಸಿದರು. ಹೊಸ ಜಾಗದಲ್ಲಿ ಅವರಿಗೆ 2005ಕ್ಕೆ ಸುಮಾರು 45 ವರ್ಷ. ಕಳಿಸಿದ್ದು ಸರ್ಕಾರ. ಆ ಜಾಗಕ್ಕೆ ಸರಿಯಾದ ಪತ್ರ ಮಾಡಿಕೊಡದೇ ಬಿಟ್ಟದ್ದೂ ಸರ್ಕಾರ. ಆಮೇಲೆ 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಕೇಂದ್ರದ ಒಪ್ಪಿಗೆ ಇಲ್ಲದೆ ಅರಣ್ಯವನ್ನು ಅರಣ್ಯ ಅಲ್ಲ ಅಂತ ಘೋಷಿಸುವ ಅಧಿಕಾರ ರಾಜ್ಯಕ್ಕೆ ಇಲ್ಲವಾಯಿತು. ಮುಳುಗಡೆಯವರಿಗೆ ಅಂತ ರಾಜ್ಯ ಮಾಡಿದ್ದ ಡಿನೋಟಿಫಿಕೇಶನ್ ಇದೇ ಕಾರಣಕ್ಕೆ 2021ರಲ್ಲಿ ಹೈಕೋರ್ಟಿನಲ್ಲಿ ಬಿದ್ದುಹೋಯಿತು.

ಅರಣ್ಯ ಹಕ್ಕು ಕಾಯ್ದೆಯ ಮಾತನ್ನು ನಿಧಾನವಾಗಿ ಓದಿದರೆ ಬೇರೆ ದಾರಿ ಕಾಣುತ್ತದೆ. ಮೂರು ತಲೆಮಾರಿನಿಂದ ಕಾಡಿನಲ್ಲಿ ವಾಸವಿದ್ದು ಅದನ್ನು ನಂಬಿ ಬದುಕಿರಬೇಕು ಅಂತ ಅದು ಹೇಳುತ್ತದೆ. ಇದೇ ಸರ್ವೆ ನಂಬರಿನಲ್ಲಿ, ಇದೇ ಎರಡು ಎಕರೆಯಲ್ಲಿ 75 ವರ್ಷ ಉತ್ತಿರಬೇಕು ಅಂತ ಎಲ್ಲೂ ಇಲ್ಲ. 1930ರಲ್ಲಿ ಅಜ್ಜ ಕಾಡಿನ ನಡುವಿನ ಊರಿನಲ್ಲೇ ಇದ್ದ. ಆ ಊರು ಈಗ ಹಿನ್ನೀರಿನ ತಳದಲ್ಲಿದೆ, ಅಷ್ಟೇ. ವಾಸದ ಲೆಕ್ಕ ಆ ಊರಿನಿಂದ ಈ ಊರಿಗೆ ದಾಟಿ ಬರುತ್ತದೆಯೋ ಇಲ್ಲವೋ? ಅಭಿವೃದ್ಧಿ ಯೋಜನೆಗಾಗಿ ಎಬ್ಬಿಸಿದವರ ಬಗ್ಗೆ ಕಾಯ್ದೆಯಲ್ಲಿ ಬೇರೆ ಕಲಂಗಳೂ ಇವೆ. ಆದರೆ ತಾಲ್ಲೂಕು ಮಟ್ಟದಲ್ಲಿ ಚರ್ಚೆ ಬಹುತೇಕ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತದೆ: 1930ರ ಕಾಗದ ಇದೆಯಾ?

ಮುಳುಗಿದ ಊರಿನ ಬಾವಿ ತೋರಿಸಲು ಆಗುವುದಿಲ್ಲ. ಸ್ಮಶಾನ ತೋರಿಸಲು ಆಗುವುದಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಕಾಣುವ ಹಳೇ ರಸ್ತೆ, ಕಲ್ಲುಕಟ್ಟೆಗಳನ್ನು ತೋರಿಸಿ 'ಇದೇ ನಮ್ಮ ಊರು' ಅನ್ನುವ ಹಿರಿಯರು ಇನ್ನೂ ಕೆಲವರು ಇದ್ದಾರೆ. ಅವರ ಮಾತನ್ನು ಹೆಸರು, ತಾರೀಖು, ಸಾಕ್ಷಿಗಳ ಸಹಿ ಸಮೇತ ಬರೆದಿಟ್ಟರೆ ಅದು 13ನೇ ನಿಯಮದ ಪ್ರಕಾರ ಪುರಾವೆ. ಬರೆದಿಡದೆ ಹೋದರೆ ಬರೀ ನೆನಪು. ಮೌಖಿಕ ಇತಿಹಾಸದ ಪದ್ಧತಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ನನಗೆ ಗೊತ್ತಿಲ್ಲ. ಮೌಖಿಕ ಸಾಕ್ಷ್ಯವನ್ನು ಒಂದೇ ಬಾಯಿಯಿಂದ ತೆಗೆದುಕೊಳ್ಳಬಾರದು ಅಂತ ಆ ಶಾಸ್ತ್ರ ಹೇಳುತ್ತದೆ. ಬೇರೆ ಬೇರೆ ಮನೆಯವರಿಂದ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದ ಹಾಗೆ, ಕೂಡಿಸಿ ನೋಡಬೇಕು. ಒಂದಕ್ಕಿಂತ ಹೆಚ್ಚು ಬಗೆಯ ಸಾಕ್ಷ್ಯ ನೋಡಬೇಕು ಅಂತ 13ನೇ ನಿಯಮವೂ ಹೇಳುತ್ತದೆ.

ಎಣಿಕೆಗೆ ಸಿಗದ ಕೇಸುಗಳು

ಈಗಿನ ದೊಡ್ಡ ಅಲೆ ದತ್ತಾಂಶದ್ದು. ರಾಷ್ಟ್ರೀಯ ನ್ಯಾಯಾಂಗ ದತ್ತಾಂಶ ಗ್ರಿಡ್ ಬಂದ ಮೇಲೆ ಯಾವ ಕೋರ್ಟಿನಲ್ಲಿ ಎಷ್ಟು ಕೇಸು, ಎಷ್ಟು ವರ್ಷದಿಂದ ಬಾಕಿ ಅಂತ ಮೊಬೈಲಿನಲ್ಲೇ ನೋಡಬಹುದು. ಕೆಳ ಕೋರ್ಟುಗಳ 2010ರಿಂದ 2018ರವರೆಗಿನ ಸುಮಾರು 8 ಕೋಟಿ ಕೇಸುಗಳ ದಾಖಲೆಯನ್ನು ಅರ್ಥಶಾಸ್ತ್ರಜ್ಞರ ಒಂದು ತಂಡ ಒಟ್ಟುಗೂಡಿಸಿತು. ಅದರಲ್ಲಿನ ಕ್ರಿಮಿನಲ್ ಕೇಸುಗಳಲ್ಲಿ ಜಡ್ಜ್ ತಮ್ಮದೇ ಧರ್ಮದವರಿಗೆ, ತಮ್ಮದೇ ಲಿಂಗದವರಿಗೆ ಅನುಕೂಲ ಮಾಡುತ್ತಾರೆಯೇ ಅಂತ ಹುಡುಕಿದರು. ಅಂಥ ಒಲವು ಕಾಣಲಿಲ್ಲ. ಒಳ್ಳೆಯ ಸಂಶೋಧನೆಯೇ. ಆದರೆ ಅದು ಕೋರ್ಟಿನ ಬಾಗಿಲು ದಾಟಿದ ಮೇಲಿನ ಕತೆ. ಯಾರ ಮೇಲೆ ಎಫ್‌ಐಆರ್ ಆಗುತ್ತದೆ, ಯಾರನ್ನು ಠಾಣೆಯಲ್ಲೇ ಮಾತಾಡಿಸಿ ಕಳಿಸುತ್ತಾರೆ ಅನ್ನುವುದು ಆ ಲೆಕ್ಕದೊಳಗೆ ಬರುವುದಿಲ್ಲ.

ಮಲೆನಾಡಿನಲ್ಲಿ ಈ ಕೊರತೆ ಇನ್ನೂ ಜಾಸ್ತಿ. ಇಲ್ಲಿನ ಜಮೀನಿನ ಹಣೆಬರಹ ತೀರ್ಮಾನವಾಗುವುದು ಸಿವಿಲ್ ಜಡ್ಜ್ ಮುಂದಲ್ಲ. ಬಗರ್‌ಹುಕುಂ ಅರ್ಜಿ ಶಾಸಕರ ಅಧ್ಯಕ್ಷತೆಯ ಸಮಿತಿಗೆ ಹೋಗುತ್ತದೆ. ಅರಣ್ಯ ಹಕ್ಕು ಗ್ರಾಮಸಭೆ, ಎಸಿ ಸಮಿತಿ, ಡಿಸಿ ಸಮಿತಿ ಅಂತ ಮೂರು ಮೆಟ್ಟಿಲು ಹತ್ತುತ್ತದೆ. ಮ್ಯುಟೇಷನ್ (ಖಾತೆ ಬದಲಾವಣೆ), ಪೋಡಿ (ಜಮೀನು ಅಳೆದು ಬೇರೆ ಮಾಡುವುದು) ತಕರಾರು ತಹಶೀಲ್ದಾರರ ಹತ್ತಿರ. ಇವು ಯಾವುವೂ ನ್ಯಾಯಾಂಗ ಗ್ರಿಡ್ಡಿನಲ್ಲಿ ಇಲ್ಲ. ಗ್ರಿಡ್ ನೋಡಿ ಶಿವಮೊಗ್ಗದ ಜಮೀನು ವ್ಯಾಜ್ಯಗಳ ಬಗ್ಗೆ ಪೇಪರ್ ಬರೆಯುವವರು ಅಡಿಕೆ ಮಂಡಿಗೆ ಬಂದ ಮೂಟೆ ಎಣಿಸಿ ತೋಟದ ರೋಗದ ಬಗ್ಗೆ ಹೇಳಿದ ಹಾಗಾಗುತ್ತದೆ.

ಬೆಂಗಳೂರಿನ ದಕ್ಷ್ ಸಂಸ್ಥೆ 2016ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಸಿವಿಲ್ ಕೇಸುಗಳ ಮೂರರಲ್ಲಿ ಎರಡು ಪಾಲು ಜಮೀನು, ಆಸ್ತಿಗೆ ಸಂಬಂಧಪಟ್ಟವು ಅಂತ ಕಂಡಿತು. ಗ್ರಿಡ್ ಹೇಳದ ಎಷ್ಟೋ ವಿಷಯ ಅದು ಹೇಳಿತು, ಯಾಕೆಂದರೆ ಕಕ್ಷಿದಾರರನ್ನೇ ಕೇಳಿದ್ದರು. ಆದರೆ ಅಲ್ಲಿ ಸಿಕ್ಕವರು ಹೇಗೋ ಕೋರ್ಟಿನವರೆಗೆ ಬಂದವರು. ಬಾರದವರದ್ದೇನು?

ಈ ಪ್ರಶ್ನೆಗೆ 1980ರ ಹೊತ್ತಿಗೆ ಫೆಲ್‌ಸ್ಟಿನರ್, ಏಬಲ್, ಸರತ್ ಎಂಬ ಮೂವರು ಒಂದು ಚೌಕಟ್ಟು ಕೊಟ್ಟರು. ಕೇಸು ಹುಟ್ಟುವ ಮೊದಲು ಮೂರು ಹಂತ ದಾಟಬೇಕು. ನನಗೆ ಅನ್ಯಾಯ ಆಗಿದೆ ಅಂತ ಗುರುತಿಸಬೇಕು. ಇಂಥವರಿಂದ ಆಯಿತು ಅಂತ ಬೊಟ್ಟು ಮಾಡಬೇಕು. ಆಮೇಲೆ ನನ್ನದನ್ನು ಕೊಡು ಅಂತ ಕೇಳಬೇಕು. ಒಂದೊಂದು ಹಂತದಲ್ಲೂ ಬಹಳ ಜನ ಉದುರಿಹೋಗುತ್ತಾರೆ.

ಇದಕ್ಕೆ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರ ಹೋರಾಟಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಗೇಣಿ ಭತ್ತ ಅಳೆಯುವ ಕೊಳಗ ದೊಡ್ಡದಿತ್ತು. ಅದು ಒಂದೆರಡು ವರ್ಷದ ಸಂಗತಿಯಾಗಿರಲಿಲ್ಲ. ಒಡೆಯರ ಮನೆಯ ಕೊಳಗ ಇರುವುದೇ ಹಾಗೆ ಅಂತ ಗೇಣಿದಾರರು ನಂಬಿ ಬದುಕಿದ್ದರು. ಎಚ್. ಗಣಪತಿಯಪ್ಪನವರಂಥವರು ಊರೂರು ತಿರುಗಿ ಆ ಕೊಳಗದ ಬಗ್ಗೆ ಮಾತಾಡಿದ ಮೇಲೆ ಅದು ಮೋಸ ಅಂತ ಹೆಸರು ಪಡೆಯಿತು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು, ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಬಂದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. 1950ಕ್ಕೆ ನಿಂತು ಸಾಗರದ ಕೋರ್ಟಿನ ರಿಜಿಸ್ಟರ್ ಮಾತ್ರ ನೋಡುವ ಸಂಶೋಧಕ ಇಲ್ಲಿ ಗೇಣಿ ಅಳತೆಯ ತಕರಾರೇ ಇಲ್ಲ ಅಂತ ಬರೆದುಕೊಂಡು ಹೋಗಬಹುದಿತ್ತು.

1974ರ ಮಾರ್ಚ್ 1ರಿಂದ ದೇವರಾಜ ಅರಸರ ಭೂಸುಧಾರಣೆ ಜಾರಿಗೆ ಬಂತು. ಗೇಣಿದಾರ ಫಾರಂ 7ರಲ್ಲಿ ಅರ್ಜಿ ಹಾಕಬೇಕು, ಭೂನ್ಯಾಯ ಮಂಡಳಿ ವಿಚಾರಣೆ ಮಾಡುತ್ತದೆ. ಶುರುವಿನಲ್ಲಿ ವಕೀಲರಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ. ಬಡವನ ಮಾತನ್ನು ವಕೀಲರ ಮಾತು ನುಂಗಬಾರದು ಅನ್ನುವ ಯೋಚನೆ. ಆ ಕಾಲದ ಬಗ್ಗೆ ಅಂಕಿಗಳು ಬೇಕಾದಷ್ಟು ಇವೆ: ಎಷ್ಟು ಅರ್ಜಿ, ಎಷ್ಟು ಎಕರೆ, ಎಷ್ಟು ಮಂಜೂರು. ಫಾರಂ 7 ತುಂಬದೇ ಇದ್ದವರ ಲೆಕ್ಕ ಎಲ್ಲೂ ಇಲ್ಲ. ಒಡೆಯರ ಮುಖ ನೋಡಿ ಸುಮ್ಮನಾದವರು, ಮಾತಿನಲ್ಲೇ ಜಮೀನು ಬಿಟ್ಟುಕೊಟ್ಟವರು. ಗೇಣಿ ಗದ್ದೆಯಲ್ಲಿ ಗಂಡನ ಸಮಕ್ಕೆ ದುಡಿದ ಹೆಂಗಸರ ಹೆಸರಿನಲ್ಲಿ ಎಷ್ಟು ಅರ್ಜಿ ಬಿದ್ದಿರಬಹುದು, ನೀವೇ ಊಹಿಸಿ. ಇವರು ಸಿಗುವುದು ಮನೆಮನೆಗೆ ಹೋಗಿ ಕೇಳಿದಾಗ ಮಾತ್ರ. ಆ ಪೀಳಿಗೆಯವರಿಗೆ ಈಗ ಎಂಬತ್ತರ ಮೇಲಾಗಿದೆ.

ತಾಳಗುಪ್ಪ ದಾಟಿದರೆ ಬೇರೆ ಕಾನೂನು

ಎಣಿಕೆಯವರಿಗೆ ನ್ಯಾಯ ಒದಗಿಸಬೇಕಾದ ಒಂದು ಜಾಗವೂ ನಮ್ಮಲ್ಲೇ ಇದೆ. ಸಾಗರ ಮತ್ತು ಉತ್ತರ ಕನ್ನಡದ ಸಿದ್ದಾಪುರ ಅಕ್ಕಪಕ್ಕದ ತಾಲ್ಲೂಕುಗಳು, ತಾಳಗುಪ್ಪ ಸಾಗರದ ಕಡೆಯ ಗಡಿ ಊರು. ಅದೇ ಮಳೆ, ಅದೇ ಅಡಿಕೆ, ಅದೇ ಸೊಪ್ಪಿನ ಬೆಟ್ಟ, ಅದೇ ಹವ್ಯಕರು, ಅದೇ ದೀವರು. ಆದರೆ 1956ರವರೆಗೆ ಸಾಗರ ಮೈಸೂರಿಗೆ ಸೇರಿತ್ತು, ಸಿದ್ದಾಪುರ ಮುಂಬಯಿಗೆ. ಈ ಕಡೆ 1888ರ ಮೈಸೂರು ಕಂದಾಯ ಸಂಹಿತೆ, ಆ ಕಡೆ 1879ರ ಮುಂಬಯಿ ಸಂಹಿತೆ. ಆ ಕಡೆ 1948ರಲ್ಲೇ ಮುಂಬಯಿಯ ಗೇಣಿ ಕಾಯ್ದೆ ಬಂತು. ಈಗಲೂ ಸಾಗರದವರ ಹೈಕೋರ್ಟ್ ಕೇಸು ಬೆಂಗಳೂರಿಗೆ ಹೋದರೆ ಸಿದ್ದಾಪುರದವರದ್ದು ಧಾರವಾಡ ಪೀಠಕ್ಕೆ.

ಇಂಥ ಗಡಿ ಅಂದರೆ ಅಂಕಿ ಸಂಶೋಧಕರಿಗೆ ಹಬ್ಬ. ಜನ, ನೆಲ, ಬೆಳೆ ಒಂದೇ, ಕಾನೂನು ಮಾತ್ರ ಬೇರೆ ಇತ್ತು. ಹಾಗಾದರೆ ಎರಡೂ ಕಡೆ ಕಾಣುವ ವ್ಯತ್ಯಾಸ ಕಾನೂನಿನಿಂದಲೇ ಬಂದದ್ದು ಅನ್ನಬಹುದು. ಸಹಜ ಪ್ರಯೋಗ ಅನ್ನುತ್ತಾರೆ ಇದಕ್ಕೆ. ಈ ಪದ್ಧತಿ ಬೇಡ ಅನ್ನುವ ಮಾನವಶಾಸ್ತ್ರದವರ ತಕರಾರೂ ಇದೆ, ಅದೂ ಹಗುರವಾದದ್ದಲ್ಲ. ಸಾಗರದ ಹುಡುಗಿಯನ್ನು ಸಿದ್ದಾಪುರಕ್ಕೆ ಕೊಡುತ್ತಾರೆ. ಕಾಗೋಡಿನ ಸುದ್ದಿ ಗಡಿಯಲ್ಲಿ ನಿಂತಿರಲಿಕ್ಕಿಲ್ಲ. ಒಂದು ಕಡೆಯ ಕಾನೂನಿನ ಆಸೆ, ಭಯ ಇನ್ನೊಂದು ಕಡೆಯ ಜಗಲಿಯಲ್ಲೂ ಕೂತಿರುತ್ತವೆ. ಗಡಿ ಇಷ್ಟು ಸೋರುವಾಗ ಪ್ರಯೋಗ ಎಲ್ಲಿಂದ?

ನನಗೆ ಕೇಳಿದರೆ ಈ ಜಗಳದಲ್ಲಿ ಅರ್ಧ ಸುಮ್ನೆ ಪ್ರತಿಷ್ಠೆಯದ್ದು. ಗಡಿಯ ಎರಡೂ ಕಡೆಯ ತಿರಸ್ಕಾರದ ಪ್ರಮಾಣವನ್ನು ಯಾರಾದರೂ ಎಣಿಸಿ ಕೊಡಲಿ. ಆಮೇಲೆ ಯಾಕೆ ಅಂತ ಕೇಳಲು ಇನ್ನೊಬ್ಬರು ಜಗಲಿ ಹತ್ತಲಿ. ಸಂಸ್ಥಾನದ ದಾಖಲೆಯನ್ನೂ ಪ್ರಾಂತ್ಯದ ದಾಖಲೆಯನ್ನೂ 13ನೇ ನಿಯಮ ಸಾಕ್ಷಿ ಅಂತ ಹೆಸರಿಸುತ್ತದೆ. ಆದರೂ ಮೈಸೂರು ಸಂಸ್ಥಾನದಲ್ಲಿದ್ದ ಸಾಗರದವರಿಗೆ ಸಿದ್ದಾಪುರದವರಿಗಿಂತ ಏನಾದರೂ ಹೆಚ್ಚು ಅನುಕೂಲ ಆಗಿದೆಯೇ? ಎಣಿಸದೆ ಇದಕ್ಕೆ ಉತ್ತರ ಸಿಗದು, ಕೇಳದೆ ಅರ್ಥವಾಗದು.

ದೇವಿಯ ಬೋರ್ಡು

ಸಾಗರ ಸೀಮೆಯ ಅಡಿಕೆ ತೋಟಗಳ ಬೇಲಿಯಲ್ಲಿ ಸಿಗಂದೂರು ಚೌಡೇಶ್ವರಿ ದೇವಿಯ ರಕ್ಷಣೆ ಇದೆ ಅಂತ ಬೋರ್ಡು ನೋಡಿರುತ್ತೀರಿ. ಅಡಿಕೆ ಕೊನೆ (ಗೊನೆ) ಕದಿಯುವವರಿಗೆ ಎಚ್ಚರಿಕೆ ಅದು. ತೋಟದವರ ಲೆಕ್ಕದಲ್ಲಿ ಸಿಸಿಟಿವಿಗಿಂತ ಖರ್ಚು ಕಡಿಮೆ, ಭಯ ಜಾಸ್ತಿ. ಗದ್ದೆ ತಕರಾರನ್ನು ಧರ್ಮಸ್ಥಳಕ್ಕೆ ಒಯ್ಯುವವರೂ ಕಡಿಮೆ ಇಲ್ಲ.

ಇದನ್ನು ಕಾನೂನು ಅನ್ನಬಹುದೇ? 1986ರಲ್ಲಿ ಜಾನ್ ಗ್ರಿಫಿತ್ಸ್ ಎಂಬವರು ಸರ್ಕಾರದ ಕಾನೂನು ಒಂದೇ ಕಾನೂನು ಅನ್ನುವುದು ಬರೀ ಸಿದ್ಧಾಂತ, ನಿಜ ಬದುಕಿನಲ್ಲಿ ಹಲವು ಕಾನೂನುಗಳು ಒಟ್ಟಿಗೆ ನಡೆಯುತ್ತವೆ ಅಂತ ವಾದಿಸಿದರು. ಎಲ್ಲ ಕಟ್ಟಳೆಯನ್ನೂ ಕಾನೂನು ಅಂದರೆ ಆ ಮಾತಿಗೇ ಅರ್ಥ ಉಳಿಯುವುದಿಲ್ಲ ಅಂತ ಬ್ರಯನ್ ತಮನಾಹ ತಿರುಗೇಟು ಕೊಟ್ಟರು. ಹೆಸರಿನ ಈ ಜಗಳದಲ್ಲಿ ನನಗೆ ಆಸಕ್ತಿ ಕಡಿಮೆ. ಕೊನೆ ಕಳುವಾದಾಗ ಯಾರು ಠಾಣೆಗೆ ಹೋಗುತ್ತಾರೆ, ಯಾರು ಸಿಗಂದೂರಿಗೆ ಹೋಗುತ್ತಾರೆ, ಯಾರು ಎರಡೂ ಕಡೆ ಹೋಗುತ್ತಾರೆ ಅನ್ನುವುದು ಕೆಲಸಕ್ಕೆ ಬರುವ ಪ್ರಶ್ನೆ. ಕದ್ದವನು ನೆಂಟನೇ ಅಂತ ಗುಮಾನಿ ಇದ್ದರೆ ದೇವಿಯೇ ವಾಸಿ. ಹೆಸರು ಹೇಳಬೇಕಿಲ್ಲ, ಎಫ್‌ಐಆರ್ ಬೇಕಿಲ್ಲ.

ನೋಟ್‌ಬುಕ್ ಯಾರದ್ದು?

ಸಂಶೋಧನೆಯ ನೀತಿ ಅಂದರೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ಅಂತ ನಮ್ಮ ಕಾಲೇಜುಗಳಲ್ಲಿ ಹೇಳಿಕೊಡುತ್ತಾರೆ. ಕಾಗದಕ್ಕೆ ಸಹಿ ಹಾಕಿ ಹಾಕಿ ಸೋತ ಜನರ ಹತ್ತಿರ ಇನ್ನೊಂದು ಕಾಗದ! ನಿಜವಾದ ಕಷ್ಟ ಬೇರೆ ಇದೆ. ಒಬ್ಬ ರೈತ ಮಾತಿನ ಭರದಲ್ಲಿ 'ಈ ಮೇಲಿನ ಅರ್ಧ ಎಕರೆ ಮಾತ್ರ 2008ರಲ್ಲಿ ಸೇರಿಸಿಕೊಂಡದ್ದು' ಅನ್ನುತ್ತಾನೆ. ಸಂಶೋಧಕಿ ಬರೆದುಕೊಳ್ಳುತ್ತಾಳೆ. ಕಟ್‌ಆಫ್ 2005. ಆ ಒಂದು ಸಾಲು ಯಾರ ಕೈಗಾದರೂ ಸಿಕ್ಕರೆ?

ವಕೀಲರ ಹತ್ತಿರ ಕಕ್ಷಿದಾರ ಆಡಿದ ಮಾತಿಗೆ ಸಾಕ್ಷ್ಯ ಕಾನೂನಿನ ರಕ್ಷಣೆ ಇದೆ. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಅದು ಮುಂದುವರಿದಿದೆ. ಸಂಶೋಧಕರಿಗೆ ಅಂಥ ರಕ್ಷಣೆ ಇಲ್ಲ. ಅಮೆರಿಕದಲ್ಲಿ 1993ರಲ್ಲಿ ರಿಕ್ ಸ್ಕಾರ್ಸ್ ಎಂಬ ಸಂಶೋಧನಾ ವಿದ್ಯಾರ್ಥಿ ತನಗೆ ಮಾಹಿತಿ ಕೊಟ್ಟವರ ಬಗ್ಗೆ ಸಾಕ್ಷಿ ಹೇಳಲು ಒಪ್ಪದೆ 159 ದಿನ ಜೈಲಿನಲ್ಲಿದ್ದ. ಉತ್ತರ ಐರ್ಲೆಂಡಿನ ಮಾಜಿ ಹೋರಾಟಗಾರರು ನಾವು ಬದುಕಿರುವವರೆಗೆ ಗುಟ್ಟಾಗಿರುತ್ತದೆ ಅಂತ ನಂಬಿ ಬಾಸ್ಟನ್ ಕಾಲೇಜಿನ ಯೋಜನೆಗೆ ಟೇಪಿನಲ್ಲಿ ಮಾತಾಡಿದರು. 2011ರಲ್ಲಿ ಆ ಟೇಪುಗಳನ್ನು ಪೊಲೀಸರಿಗಾಗಿ ಒಪ್ಪಿಸಿ ಅಂತ ಕಾಲೇಜಿಗೆ ಸಮನ್ಸ್ ಬಂತು, ಕೆಲವು ಟೇಪುಗಳು ಹೊರಗೆ ಹೋದವು. ಈ ಭಯದಿಂದ ಟಿಪ್ಪಣಿ ಸುಟ್ಟುಹಾಕಿದರೆ ಇನ್ನೊಂದು ಕಷ್ಟ. ಅಮೆರಿಕದಲ್ಲೇ ಆಲಿಸ್ ಗಾಫ್‌ಮನ್ ಎಂಬ ಸಮಾಜಶಾಸ್ತ್ರಜ್ಞೆ ತನ್ನ ಟಿಪ್ಪಣಿಗಳನ್ನು ನಾಶ ಮಾಡಿದೆ ಅಂದಾಗ, ಹಾಗಾದರೆ ನೀವು ಬರೆದದ್ದು ನಿಜ ಅಂತ ನಂಬುವುದು ಹೇಗೆ ಅಂತ ಕಾನೂನು ಪ್ರೊಫೆಸರ್ ಸ್ಟೀವನ್ ಲೂಬೆಟ್ ಹಿಡಿದು ಕೇಳಿದರು.

ಪರಿಶೀಲನೆಗೆ ಟಿಪ್ಪಣಿ ಬೇಕು, ರಕ್ಷಣೆಗೆ ಟಿಪ್ಪಣಿ ಬೇಡ. ಮಲೆನಾಡಿನಲ್ಲಿ ಈ ಗಂಟು ಇನ್ನೂ ಬಿಗಿ, ಯಾಕೆಂದರೆ ಊರಿನವರಿಗೇ ಆ ಟಿಪ್ಪಣಿ ಸಾಕ್ಷಿಯಾಗಿ ಬೇಕಾಗಬಹುದು. ಊರಿನ ಹೆಸರು ಬದಲಿಸಿ ಬರೆದ ಪ್ರಬಂಧ ಊರಿನವರ ಕಡತಕ್ಕೆ ಪ್ರಯೋಜನವಿಲ್ಲ. ಹೆಸರು ಹಾಕಿದರೆ ಅದೇ ಪ್ರಬಂಧ ಇಲಾಖೆಯ ಕೈಗೂ ಸಿಗುತ್ತದೆ. ಹೆಸರು ಮರೆಮಾಚುವುದೇ ಒಳ್ಳೆಯ ನೀತಿ ಅನ್ನುವ ನಿಯಮ ಬೇರೆ ದೇಶಗಳಿಂದ ಎತ್ತಿಕೊಂಡದ್ದು. ಅದನ್ನು ಕಣ್ಣುಮುಚ್ಚಿ ಇಲ್ಲಿ ಹೊಂದಿಸಲು ಆಗುವುದಿಲ್ಲ. ಎರಡು ಪುಸ್ತಕ ಇಡಬೇಕು ಅಂತ ನನ್ನ ಅನಿಸಿಕೆ. ಒಂದು ಊರಿನ ಇತಿಹಾಸದ್ದು, ಹೆಸರು ಸಮೇತ, ಗ್ರಾಮಸಭೆಯಲ್ಲಿ ಓದಿ ಒಪ್ಪಿಸಿದ್ದು. ಇನ್ನೊಂದು ಮನೆಮನೆಯ ಮಾತಿನದ್ದು, ಹೆಸರಿಲ್ಲದ್ದು.

ಅರ್ಜಿಯ ಹಿಂದೆ ನಡೆಯುವುದು

1974ರಲ್ಲಿ ಮಾರ್ಕ್ ಗ್ಯಾಲಂಟರ್ ಒಂದು ಸರಳ ಮಾತು ಹೇಳಿದರು. ಅವರು ಭಾರತದ ಕಾನೂನನ್ನು ಬಹಳ ವರ್ಷ ಅಧ್ಯಯನ ಮಾಡಿದವರು. ಕಾನೂನಿನ ಆಟದಲ್ಲಿ ಕೆಲವರು ಪದೇಪದೇ ಆಡುವವರು, ಕೆಲವರು ಒಮ್ಮೆ ಮಾತ್ರ ಬರುವವರು. ಪದೇಪದೇ ಆಡುವವರಿಗೆ ಒಂದು ಕೇಸು ಸೋತರೂ ಚಿಂತೆ ಇಲ್ಲ, ನಿಯಮ ತಮ್ಮ ಕಡೆ ವಾಲಿದರೆ ಸಾಕು. ಅರಣ್ಯ ಇಲಾಖೆ, ಕಂದಾಯ ಇಲಾಖೆ ಪದೇಪದೇ ಆಡುವವರು. ಮೂರು ಎಕರೆಯ ರೈತ ಒಮ್ಮೆ ಬರುವವ. ಭೂಕಬಳಿಕೆ ನಿಷೇಧ ಕಾಯ್ದೆಯ ವಿಶೇಷ ಕೋರ್ಟು ಬೆಂಗಳೂರಿನಲ್ಲಿದೆ. ಸಾಗರದಿಂದ ಸುಮಾರು 350 ಕಿಲೋಮೀಟರ್. ನಗರದ ದೊಡ್ಡ ಕಬಳಿಕೆದಾರರನ್ನು ಹಿಡಿಯಲು ಮಾಡಿದ ಕೋರ್ಟಿಗೆ ಮಲೆನಾಡಿನ ಸಣ್ಣ ಹಿಡುವಳಿಯವರೂ ರಾತ್ರಿ ಬಸ್ಸು ಹತ್ತಿ ಹೋಗಬೇಕಾಯಿತು. ತೀರ್ಪು ಏನೇ ಬರಲಿ, ಬಸ್ ಚಾರ್ಜು, ವಕೀಲರ ಫೀಸು, ತೋಟದ ಕೆಲಸ ಕೆಟ್ಟದ್ದು ಇವೆಲ್ಲ ತೀರ್ಪಿಗಿಂತ ಮೊದಲೇ ಬಿದ್ದ ದಂಡ.

ಹಾಗಾಗಿ ತೀರ್ಪು ಓದುವ ಪದ್ಧತಿಯೂ, ಜನರನ್ನು ಮಾತಾಡಿಸುವ ಪದ್ಧತಿಯೂ ಮುಟ್ಟದ ಒಂದು ಜಾಗ ಉಳಿಯುತ್ತದೆ. ಅದು ಕಡತದ ದಾರಿ. ಇತ್ತೀಚಿನ ಸಂಶೋಧಕರಲ್ಲಿ ಒಂದು ಗುಂಪು ಕಾಗದವನ್ನೇ ಪಾತ್ರಧಾರಿಯ ಹಾಗೆ ಹಿಂಬಾಲಿಸುತ್ತದೆ. ಒಂದೇ ಒಂದು ಅರ್ಜಿ ಹಿಡಿದುಕೊಳ್ಳಿ. ಗ್ರಾಮ ಅರಣ್ಯ ಹಕ್ಕು ಸಮಿತಿ ಸ್ಥಳ ಪರಿಶೀಲನೆಗೆ ಹೋದಾಗ ಅರಣ್ಯ ಇಲಾಖೆಯವರು ಬಂದಿದ್ದರೇ? ನಕ್ಷೆ ಬರೆದವರು ಯಾರು? ಗ್ರಾಮಸಭೆಯ ನಡಾವಳಿಯಲ್ಲಿ ಏನು ಬರೆದಿದೆ? ಎಸಿ ಸಮಿತಿಗೆ ಹೋದಾಗ ಆ ಹಾಳೆಗಳಲ್ಲಿ ಎಷ್ಟು ಉಳಿದವು? ತಿರಸ್ಕಾರದ ಕಾರಣ ಆ ಅರ್ಜಿಗೆಂದೇ ಬರೆದದ್ದೋ, ಇಡೀ ಪಂಚಾಯ್ತಿಗೆ ಒಂದೇ ವಾಕ್ಯವೋ? ಮೇಲ್ಮನವಿಗೆ 60 ದಿನ ಇದೆ ಅಂತ ಹಿಂಬರಹದಲ್ಲಿ ಹೇಳಿದ್ದಾರೋ? ಆ ಹಿಂಬರಹ ಅರ್ಜಿದಾರರ ಕೈಗೆ ತಲುಪಿದ್ದು ಯಾವತ್ತು?

ಇದು ಬರೀ ಕುತೂಹಲವಲ್ಲ. 2019ರ ಫೆಬ್ರವರಿ 13ರಂದು ಅರ್ಜಿ ತಿರಸ್ಕೃತರಾದವರನ್ನು ಒಕ್ಕಲೆಬ್ಬಿಸುವಂತೆ ಸುಪ್ರೀಂ ಕೋರ್ಟ್ ಆದೇಶ ಮಾಡಿತು. ಅದೇ ತಿಂಗಳ 28ಕ್ಕೆ ತಡೆ ಕೊಟ್ಟಿತು. ತಡೆಗೆ ಕಾರಣ ಇದೇ ಪ್ರಶ್ನೆ: ತಿರಸ್ಕರಿಸುವಾಗ ರಾಜ್ಯಗಳು ಸರಿಯಾದ ಕ್ರಮ ಅನುಸರಿಸಿದವೇ? ಪರಿಶೀಲನೆ ಮುಗಿಯುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ ಅಂತ ಕಾಯ್ದೆಯ 4(5)ನೇ ಕಲಂ ಹೇಳುತ್ತದೆ. ಹಾಗಾದರೆ ಪರಿಶೀಲನೆ ಮುಗಿದಿದೆ ಅಂತ ಯಾವುದನ್ನು ನೋಡಿ ಹೇಳುವುದು? ಸಾವಿರಾರು ಹಿಂಬರಹಗಳನ್ನು ಕೂಡಿಹಾಕಿ, ಎಷ್ಟರಲ್ಲಿ ಕಾರಣ ಇದೆ, ಎಷ್ಟರಲ್ಲಿ ಒಂದೇ ಮುದ್ರೆಯ ವಾಕ್ಯ ಇದೆ ಅಂತ ವಿಂಗಡಿಸಿದರೆ ಉತ್ತರ ಸಿಗುತ್ತದೆ. ಎಣಿಸುವವರು, ಕೇಳುವವರು, ಕಡತ ಹಿಂಬಾಲಿಸುವವರು ಮೂವರೂ ಬೇಕಾದ ಕೆಲಸ ಇದು. ಕೃತಕ ಬುದ್ಧಿಮತ್ತೆ ಬಂದಿದೆ, ಅದೇ ಓದಿ ಹೇಳುತ್ತದೆ ಅನ್ನುವವರಿಗೆ ಒಂದು ಮಾತು. ಈ ಹಿಂಬರಹಗಳಲ್ಲಿ ಎಷ್ಟೋ ಕೈಬರಹ, ಎಷ್ಟೋ ಮಾಸಿದ ಜೆರಾಕ್ಸ್, ಬಹುಪಾಲು ಯಾವ ವೆಬ್‌ಸೈಟಿನಲ್ಲೂ ಇಲ್ಲದವು.

ಶಿವಮೊಗ್ಗದಲ್ಲಿ ಕಾನೂನು ಕಾಲೇಜಿದೆ. ಶಂಕರಘಟ್ಟದಲ್ಲಿ 1987ರಿಂದ ಕುವೆಂಪು ವಿಶ್ವವಿದ್ಯಾಲಯ ಇದೆ. ಹಿಂಬರಹದ ಪ್ರತಿ ಪಡೆಯಲು ಮಾಹಿತಿ ಹಕ್ಕಿನ ಅರ್ಜಿ ಸಾಕು, ಹತ್ತು ರೂಪಾಯಿ ಶುಲ್ಕ. ಒಂದು ತಾಲ್ಲೂಕು, ಒಂದು ಬ್ಯಾಚಿನ ವಿದ್ಯಾರ್ಥಿಗಳು, ಕನ್ನಡದಲ್ಲೇ ವರದಿ. ವರದಿ ಕನ್ನಡದಲ್ಲಿರುವುದು ಮುಖ್ಯ, ಯಾಕೆಂದರೆ ಅದನ್ನು ಮೊದಲು ಓದಿ ತಪ್ಪು ತೋರಿಸಬೇಕಾದವರು ಗ್ರಾಮಸಭೆಯಲ್ಲಿ ಕೂತಿರುತ್ತಾರೆ. ಅವರು ಒಪ್ಪಿ ನಡಾವಳಿಯಲ್ಲಿ ದಾಖಲಿಸಿದ ವರದಿಯನ್ನು ಎಸಿ ಸಮಿತಿ ಸಾಕ್ಷಿ ಅಂತ ತೆಗೆದುಕೊಳ್ಳದಿದ್ದರೆ, ಯಾಕೆ ತೆಗೆದುಕೊಳ್ಳಲಿಲ್ಲ ಅನ್ನುವುದಕ್ಕೂ ಒಂದು ಹಿಂಬರಹ ಬರೆದುಕೊಡಬೇಕಾಗುತ್ತದೆ.